ಸರದಿ ತಪ್ಪಿದ ಗಂಟೆಗಳು

ಜೂನ್ 3, ಮಂಗಳವಾರ

ಮಿಸೆಸ್ ಪೆನ್‌ಹೇಲ್ ಇವತ್ತು ಇನ್ನೊಂದು ತಡೆಗೂಟ ಮುರಿದರು. ಗಂಟೆ ಬಾಯಿ ಮೇಲೆ ಮಾಡಿ ನಿಂತಾಗ ಆಚೆಗೆ ಮಗುಚದ ಹಾಗೆ ತಡೆದು ನಿಲ್ಲಿಸುವ ಮರದ ತುಂಡು ಅದು. ನನ್ನ ಹೆಂಡತಿ ಎನಿಡ್ ಇದ್ದ ಕಾಲದಲ್ಲಿ ನಮ್ಮ ಚರ್ಚಿನ ಗಂಟೆ ಗೋಪುರದಲ್ಲಿ ಒಂದೂ ಮುರಿದ ನೆನಪಿಲ್ಲ. ಈಕೆ ಈಸ್ಟರ್ ಕಳೆದ ಮೇಲೆ ಕಲಿಯಲು ಸೇರಿದವರು, ಆಗಲೇ ಎರಡಾಯಿತು. ಹಗ್ಗ ಬಿಡಿ ಎಂದರೆ ಬಿಡುವುದಿಲ್ಲ. ಹಗ್ಗದ ಜೊತೆಗೇ ಮೇಲಕ್ಕೆ ಹೋಗಿ, ಒಂದು ಗಳಿಗೆ ತೇಲಿ, ದೊಪ್ಪನೆ ಕೆಳಗಿಳಿದು, "ಅಯ್ಯೋ, ತಪ್ಪಾಯ್ತು ಟ್ಯಾಪ್‌ಸ್ಕಾಟ್ ಅವ್ರೇ" ಎಂದು ಗೋಪುರ ಅದುರುವ ಹಾಗೆ ನಕ್ಕರು. ನಗುವಂಥದ್ದು ಏನಿತ್ತೋ ನನಗೆ ತಿಳಿಯಲಿಲ್ಲ.

ನಾನು ಸುಮ್ಮಸುಮ್ಮನೆ ದೂರುವವನಲ್ಲ. ವಾಹನ ಚಾಲನೆಯ ಪರೀಕ್ಷಕನಾಗಿ ನಿವೃತ್ತನಾದವನು. ಈ ಕೂಂಬ್ ಬಾರ್ಟನ್ ಊರಿನ ಅರ್ಧ ಜನರನ್ನು ನಪಾಸು ಮಾಡಿದ್ದೇನೆ, ಉಳಿದ ಅರ್ಧವನ್ನು ಎರಡನೆಯ ಸಲ ಪಾಸು ಮಾಡಿದ್ದೇನೆ. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಮೊದಲ ತಿರುವಿನಲ್ಲೇ ನನಗೆ ಗೊತ್ತಾಗಿಬಿಡುತ್ತದೆ. ಮಿಸೆಸ್ ಪೆನ್‌ಹೇಲ್‌ಗೆ ಬರುವುದಿಲ್ಲ. ಬೇಸಿಗೆ ಮುಗಿಯಲಿ, ನಯವಾಗಿ ಹೇಳಿ ಕಳಿಸಿಬಿಡಬೇಕು.

ನಮ್ಮಲ್ಲಿ ಆರು ಗಂಟೆ, ಬಾರಿಸುವವರು ಐದೇ ಜನ. ಮೂರನೆಯ ಗಂಟೆ ಎನಿಡ್‌ಳದು. ಅವಳು ತೀರಿಕೊಂಡು ನಾಲ್ಕು ವರ್ಷವಾದರೂ ಆ ಹಗ್ಗವನ್ನು ಗೋಡೆಯ ಕೊಕ್ಕೆಗೆ ಸುತ್ತಿಯೇ ಇಟ್ಟಿದ್ದೇನೆ. ಚಿಕ್ಕ ಗಂಟೆಯಿಂದ ದೊಡ್ಡದರ ತನಕ ಒಂದರ ಹಿಂದೆ ಒಂದು ಬಾರಿಸುತ್ತ ಬಂದಾಗ, ಮೂರನೆಯ ಜಾಗದಲ್ಲಿ ಒಂದು ಉಸಿರಿನಷ್ಟು ಖಾಲಿ ಬಿಡುತ್ತೇವೆ. ಹೊರಗಿನವರಿಗೆ ಅದು ಹಲ್ಲು ಬಿದ್ದ ಬಾಯಿಯ ಮಾತಿನಂತೆ ಕೇಳುತ್ತದಂತೆ. ಕೇಳಿದರೆ ಕೇಳಲಿ.

ಅಭ್ಯಾಸ ಮುಗಿದ ಮೇಲೆ ಕ್ಲೆಮ್ ಸುದ್ದಿ ಹೇಳಿದ. ಊರಿನ ಪಬ್ಬು ಅವನದು, ನಮ್ಮ ದೊಡ್ಡ ಗಂಟೆಯೂ ಅವನದೇ.

"ವಿಲ್ಫ್, ಸಿನಿಮಾದವ್ರು ಬರ್ತಿದಾರೆ ಕಣೋ. ಆ ಎಣಿಕೆಗಾರರ ಕಾದಂಬರಿ ಇದೆಯಲ್ಲ, ಸ್ಕೂಲಲ್ಲಿ ಓದಿ ಓದಿ ಸತ್ವಲ್ಲ, ಅದನ್ನೇ ತೆಗೀತಾರಂತೆ. ಗಂಟೆ ಬಾರಿಸೋ ದೃಶ್ಯಕ್ಕೆ ನಮ್ಮ ಗೋಪುರ ನೋಡ್ತಾರಂತೆ."

ನಮ್ಮ ದೇಶದಲ್ಲಿ ಆ ಕಾದಂಬರಿ ಓದದೆ ಶಾಲೆ ಮುಗಿಸಿದವರು ಯಾರಿದ್ದಾರೆ? ಆಕಾಶದಿಂದ ಸೈನ್ಯವೊಂದು ಇಳಿಯುತ್ತದೆ. ಉದ್ದ ಕಾಲಿನ ಯುದ್ಧಯಂತ್ರಗಳು. ಎಲ್ಲವನ್ನೂ ಎಣಿಸಿ, ಲೆಕ್ಕ ಹಾಕಿ, ಮನುಷ್ಯ ಮುಂದೇನು ಮಾಡುತ್ತಾನೆಂದು ಮೊದಲೇ ತಿಳಿದುಕೊಂಡು ಗೆಲ್ಲುತ್ತ ಬರುತ್ತಾರೆ. ಕೊನೆಗೆ ಒಂದು ಹಳ್ಳಿಯಲ್ಲಿ ಕಂಗೆಟ್ಟ ಜನ ಗಂಟೆಗಳನ್ನು ಅಡ್ಡಾದಿಡ್ಡಿ ಬಾರಿಸುತ್ತಾರೆ. ಆ ಸದ್ದಿನ ಲೆಕ್ಕ ಸಿಗದೆ ಎಣಿಕೆಗಾರರಿಗೆ ತಲೆ ಕೆಟ್ಟು, ಹೆಜ್ಜೆ ತಪ್ಪಿ, ಯಂತ್ರಗಳೆಲ್ಲ ಹೊಳೆಗೆ ಉರುಳುತ್ತವೆ. ಲೋಕ ಉಳಿಯುತ್ತದೆ. ಹುಡುಗನಾಗಿದ್ದಾಗ ಓದಿ ನನಗೆ ಎಣಿಕೆಗಾರರ ಮೇಲೇ ಕನಿಕರ ಹುಟ್ಟಿತ್ತು. ಪಾಪ, ಎಷ್ಟು ಅಚ್ಚುಕಟ್ಟಾಗಿ ಸಾಲು ಹಿಡಿದು ನಡೆಯುತ್ತಿದ್ದರು.

ಇದನ್ನು ಹೇಳಿದ್ದಕ್ಕೆ ಕ್ಲೆಮ್, "ನೀನು ಆ ಸೈನ್ಯದಲ್ಲಿ ಇದ್ದಿದ್ರೆ ಇಷ್ಟೊತ್ತಿಗೆ ಸೇನಾಪತಿ ಆಗಿರ್ತಿದ್ದೆ ಬಿಡು ಬಂಗಾರ" ಎಂದ. ಅವನು ಎಲ್ಲರನ್ನೂ ಬಂಗಾರ ಎನ್ನುತ್ತಾನೆ, ಬಿಷಪ್ಪರನ್ನೂ ಬಿಟ್ಟಿಲ್ಲ.

ಜೂನ್ 8, ಭಾನುವಾರ

ಪ್ರಾರ್ಥನೆಯ ನಂತರ ಚರ್ಚಿನ ಅಂಗಳದಲ್ಲಿ ಚಹಾ, ಜೊತೆಗೆ ಸ್ಕೋನ್ ಎಂಬ ಪುಟ್ಟ ಬನ್ನು. ಮಿಸೆಸ್ ಪೆನ್‌ಹೇಲ್ ಸ್ಕೋನಿಗೆ ಮೊದಲು ಜಾಮ್ ಬಳಿದು ಅದರ ಮೇಲೆ ಕೆನೆ ಇಟ್ಟರು. ಎಲ್ಲರ ಎದುರಿಗೆ! ಇಲ್ಲಿ, ಡೆವನ್‌ನಲ್ಲಿ, ಮೊದಲು ಕೆನೆ, ಆಮೇಲೆ ಜಾಮ್. ಅವರು ನದಿಯಾಚೆಯ ಕಾರ್ನ್‌ವಾಲ್‌ನವರು, ಅಲ್ಲಿ ಎಲ್ಲ ತಲೆಕೆಳಗು.

"ಏನ್ ಟ್ಯಾಪ್‌ಸ್ಕಾಟ್ ಅವ್ರೇ, ಹಾಗೆ ನೋಡ್ತಿದೀರಿ? ಕೆಂಪು ದೀಪ ದಾಟಿದ್ನಾ?" ಎಂದು ಕೇಳಿದರು.

ನಾನು ನನ್ನ ಸ್ಕೋನಿಗೆ ಮೊದಲು ಕೆನೆಯನ್ನೇ ಬಳಿದೆ.

ಜೂನ್ 17, ಮಂಗಳವಾರ

ಬರೆಯುವುದಕ್ಕೇ ಸಿಟ್ಟು ಬರುತ್ತಿದೆ, ಆದರೂ ಬರೆಯುತ್ತೇನೆ.

ನಿರ್ದೇಶಕಿ ಬಂದಿದ್ದಳು. ಫೀಬಿ ಅಂತ ಹೆಸರು, ಮೂವತ್ತರ ಆಚೀಚೆ ವಯಸ್ಸು, ತಲೆಯ ಮೇಲೆ ಹಳದಿ ಟೊಪ್ಪಿಗೆ, ಕಾಲು ಒಂದು ಕಡೆ ನಿಲ್ಲುವುದಿಲ್ಲ. ನಟರ ಕೈಗೆ ಹಗ್ಗ ಕೊಡಲು ನಾನು ಮೊದಲೇ ಒಪ್ಪಿರಲಿಲ್ಲ. ಒಂದೊಂದು ಗಂಟೆಯೂ ಎಮ್ಮೆಯಷ್ಟು ತೂಕ, ಗೊತ್ತಿಲ್ಲದವರು ಎಳೆದರೆ ಆಸ್ಪತ್ರೆಯೇ ಗತಿ. ಹಾಗಾಗಿ ನಾವೇ ಬಾರಿಸಬೇಕು, ಕ್ಯಾಮೆರಾ ಮುಂದೆ, ಬೆದರಿದ ಜನರ ಹಾಗೆ. ಒಟ್ಟಿನಲ್ಲಿ ಕೆಟ್ಟದಾಗಿ ಬಾರಿಸಬೇಕು.

"ಅಷ್ಟೇ ತಾನೇ" ಎಂದೆ ನಾನು.

ಶುರು ಮಾಡಿದೆವು. ಚಿಕ್ಕ ಗಂಟೆಯ ಅರ್ಸುಲಾ ಬೇಕೆಂದೇ ತಡ ಮಾಡಿದಳು. ಅವಳು ದನದ ಡಾಕ್ಟರು, ಕೈ ಗಟ್ಟಿ. ಲಸ್ಕಮ್ ಅಣ್ಣತಮ್ಮಂದಿರು ಇಬ್ಬರೂ ಒಟ್ಟಿಗೆ ಎಳೆದರು. ಕ್ಲೆಮ್ ಕಣ್ಣು ಮುಚ್ಚಿಕೊಂಡ. ಒಂದು ನಿಮಿಷ ಆಗಿರಲಿಕ್ಕಿಲ್ಲ, ಎಲ್ಲರ ಕೈಯೂ ತಾನಾಗಿ ಸರಿಹೋಗಿ, ಚಿಕ್ಕದರಿಂದ ದೊಡ್ಡದಕ್ಕೆ, ಮೂರನೆಯ ಜಾಗ ಖಾಲಿ ಬಿಟ್ಟು, ಗಂಟೆಗಳು ಸಾಲಾಗಿ ಬಂದುಬಿಟ್ಟವು. ಮತ್ತೆ ಕೆಡಿಸಿದೆವು. ಮತ್ತೆ ಸರಿಹೋಯಿತು. ಕಿವಿಗೆ ಹತ್ತಿ ಇಟ್ಟುಕೊಂಡು ನೋಡಿದೆವು. ಪರಸ್ಪರ ಹಗ್ಗ ಬದಲಾಯಿಸಿಕೊಂಡು ನೋಡಿದೆವು. ಎಷ್ಟು ಕೆಡಿಸಿದರೂ ಕುರಿಗಳು ಕೊಟ್ಟಿಗೆಗೆ ಬಂದ ಹಾಗೆ ಅವು ಸಾಲಿಗೇ ಬಂದು ನಿಲ್ಲುತ್ತಿದ್ದವು.

"ಇದು ಯುದ್ಧ!" ಎಂದು ಫೀಬಿ ಕೂದಲು ಕಿತ್ತುಕೊಂಡಳು. "ಊರಿಗೆ ಊರೇ ಉರೀತಿದೆ! ನೀವು ಮದುವೆಗೆ ಬಾರಿಸಿದ ಹಾಗೆ ಬಾರಿಸ್ತಿದೀರಲ್ಲ!"

"ಏನ್ ಮಾಡೋದು ಬಂಗಾರ, ಕೈ ಮಾತು ಕೇಳ್ತಾ ಇಲ್ಲ" ಎಂದ ಕ್ಲೆಮ್.

ನಮ್ಮಿಂದ ಆಗದಿದ್ದರೆ ಪಕ್ಕದ ನೆದರ್‌ಲೀ ಊರಿನ ಗೋಪುರಕ್ಕೆ ಹೋಗುತ್ತೇನೆ ಎಂದಳು ಫೀಬಿ. ನೆದರ್‌ಲೀ! ಅಲ್ಲಿನವರು ಬಾರಿಸುವುದು ಯಾವಾಗಲೂ ಕೆಟ್ಟದಾಗಿಯೇ, ಅದು ಬೇರೆ ವಿಷಯ.

ಅಷ್ಟು ಹೊತ್ತೂ ಮಿಸೆಸ್ ಪೆನ್‌ಹೇಲ್ ಮೆಟ್ಟಿಲ ಮೇಲೆ ಕೂತು ತಮ್ಮೂರಿನ ಪೇಸ್ಟಿ ಎಂಬ ಮಾಂಸದ ಕಡುಬು ತಿನ್ನುತ್ತಿದ್ದರು. ಅರ್ಸುಲಾಗೆ ಒಂದು ಹಸುವಿನ ಕಡೆಯಿಂದ ಫೋನು ಬಂತು. ಒಂದು ನಿಮಿಷ ಹಿಡಿದಿರಿ ಎಂದು ಅವಳು ಹಗ್ಗವನ್ನು ಇವರ ಕೈಗೆ ಕೊಟ್ಟು ಆಚೆ ಹೋದಳು. ಅಷ್ಟೇ. ಇವರು ತಡವಾಗಿ ಎಳೆದರು, ಆಮೇಲೆ ಬೇಗ ಎಳೆದರು, ಆಮೇಲೆ ಎಳೆಯುವುದನ್ನೇ ಮರೆತರು. ನಾವು ಇವರಿಗಾಗಿ ಕಾದು ಕಾದು ಒಬ್ಬರ ಮೇಲೊಬ್ಬರು ಬಿದ್ದೆವು. ಪಾತ್ರೆ ಅಂಗಡಿಗೆ ಗೂಳಿ ನುಗ್ಗಿದ ಸದ್ದು.

"ಇದೇ! ಇದೇ ಬೇಕಾಗಿತ್ತು!" ಎಂದು ಫೀಬಿ ಕುಣಿದಳು. "ಯಾರಿವರು? ಎಲ್ಲಿಟ್ಟಿದ್ರಿ ಇವರನ್ನ?"

"ಇಷ್ಟು ದಿನ ಮೂಲೆಲಿಟ್ಟಿದ್ರು ಕಣಮ್ಮಾ" ಎಂದರು ಮಿಸೆಸ್ ಪೆನ್‌ಹೇಲ್, ಬಾಯಿಯ ಚೂರು ಒರೆಸಿಕೊಳ್ಳುತ್ತ.

ತೀರ್ಮಾನವಾದದ್ದು ಇದು. ಆಗಸ್ಟ್‌ನಲ್ಲಿ ಚಿತ್ರೀಕರಣ. ಒಂದೇ ದಿನ ಎರಡು ದೃಶ್ಯ. ಬೆಳಿಗ್ಗೆ ಲೋಕ ಉಳಿಸುವ ಅಡ್ಡಾದಿಡ್ಡಿ ಗಂಟೆ. ಮಧ್ಯಾಹ್ನ ಯುದ್ಧ ಗೆದ್ದ ಗಂಟೆ, ಅದು ಸರಿಯಾದ ಸಾಲಿನಲ್ಲೇ ಇರಬೇಕು, ಅದೇ ಆರು ಜನ ಇರಬೇಕು. ಅಂದರೆ ಮಿಸೆಸ್ ಪೆನ್‌ಹೇಲ್‌ಗೆ ಎರಡು ತಿಂಗಳಲ್ಲಿ ನಾನು ಚೆನ್ನಾಗಿ ಬಾರಿಸುವುದನ್ನು ಕಲಿಸಬೇಕು. ಆರು ಜನ ಅಂದರೆ ಆರು ಗಂಟೆ. ಫೀಬಿ ಗೋಡೆಯ ಕೊಕ್ಕೆಯನ್ನು ತೋರಿಸಿ, "ಆ ಹಗ್ಗ ಯಾಕೆ ಕಟ್ಟಿಟ್ಟಿದೀರಿ?" ಎಂದಳು. ಕ್ಲೆಮ್ ನನ್ನ ಕಡೆ ನೋಡಲಿಲ್ಲ.

ಜೂನ್ 18, ಬುಧವಾರ

ಮನಸ್ಸು ಸರಿಯಿಲ್ಲ. ತೋಟದಲ್ಲಿ ಅವರೆ ಬಳ್ಳಿಗೆ ಕೋಲು ಕಟ್ಟಿದೆ.

ಜೂನ್ 26, ಗುರುವಾರ

ಮೊದಲ ಪಾಠ. ಊರಿಗೆ ತೊಂದರೆಯಾಗದ ಹಾಗೆ ಗಂಟೆಯ ನಾಲಿಗೆ ಕಟ್ಟಿ, ಸದ್ದಿಲ್ಲದೆ ಕಲಿಸಿದೆ. ಅವರು ಎಳೆದರು, ನಾನು ತಪ್ಪು ಹೇಳಿದೆ. ಮತ್ತೆ ಎಳೆದರು, ಮತ್ತೆ ತಪ್ಪು ಹೇಳಿದೆ. ಅರ್ಧ ಗಂಟೆಯಾದ ಮೇಲೆ ಹಗ್ಗ ಕಟ್ಟಿ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಟ್ಯಾಪ್‌ಸ್ಕಾಟ್ ಅವ್ರೇ, ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಜೀವಮಾನ ಎಲ್ಲಾ ಮಕ್ಕಳಿಗೆ ಈಜು ಕಲಿಸಿದವಳು. ನೀವು ಕಲಿಸ್ತಾ ಇಲ್ಲ, ಪರೀಕ್ಷೆ ಮಾಡ್ತಾ ಇದೀರಿ. ಪಕ್ಕದ ಸೀಟಲ್ಲಿ ಕೂತು ಅಂಕ ಹಾಕ್ತಾ ಇದೀರಿ. ನೀರಿಗೆ ಇಳೀರಿ ಸ್ವಲ್ಪ."

ಇಷ್ಟು ವರ್ಷದಲ್ಲಿ ನನಗೆ ಹಾಗೆ ಹೇಳಿದವರಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಗೋಪುರದಲ್ಲಿ ಕ್ಲೆಮ್‌ಗೆ, ಅರ್ಸುಲಾಗೆ, ಲಸ್ಕಮ್ ಸೋದರರಿಗೆ, ಎಲ್ಲರಿಗೂ ಕಲಿಸಿದವಳು ಎನಿಡ್. ನಾನು ಹಿಂದೆ ಕೈಕಟ್ಟಿ ನಿಂತು ತಪ್ಪು ಎಣಿಸುತ್ತಿದ್ದೆ.

ಕೊನೆಗೆ ಅವರ ಎದುರು ನಿಂತು, ಹಗ್ಗದ ತುದಿಯನ್ನು ನಾನು ಹಿಡಿದು, ಮೇಲಿನ ಉಣ್ಣೆಯ ಹಿಡಿಯನ್ನು ಅವರಿಗೆ ಕೊಟ್ಟೆ. ಎನಿಡ್ ಹಾಗೆಯೇ ಮಾಡುತ್ತಿದ್ದದ್ದು. ಹತ್ತು ಎಳೆತದಲ್ಲಿ ಒಂಬತ್ತು ಸರಿಯಾಗಿ ಬಂದವು. ಹತ್ತನೆಯದಕ್ಕೆ ಮಿಸೆಸ್ ಪೆನ್‌ಹೇಲ್ ಮೇಲಕ್ಕೆ ಹೋದರು. ಈ ಸಲ ನನಗೂ ಸ್ವಲ್ಪ ನಗು ಬಂತು.

ಜುಲೈ 1, ಮಂಗಳವಾರ

ಮೂರನೆಯ ಹಗ್ಗ ಬಿಚ್ಚಿದೆ. ನಾನೊಬ್ಬನೇ ಇದ್ದೆ. ಹಗ್ಗದ ಉಣ್ಣೆ ಬಣ್ಣ ಕಳೆದುಕೊಂಡಿತ್ತು, ಅವಳ ಕೈ ತಾಗುತ್ತಿದ್ದ ಜಾಗದಲ್ಲಿ ಮಾತ್ರ ನುಣುಪಾಗಿತ್ತು. ತುಂಬಾ ಹೊತ್ತು ಅತ್ತೆ. ಆಮೇಲೆ ಎಣ್ಣೆ ಹಾಕಿ, ಹೊಸ ತಡೆಗೂಟ ಕೂರಿಸಿದೆ. ಇದನ್ನು ಮುರಿಯುವವರು ಯಾರೆಂದು ಗೊತ್ತೇ ಇದೆ, ಅದಕ್ಕೇ ಇನ್ನೊಂದನ್ನು ಮೊದಲೇ ಕೆತ್ತಿಟ್ಟಿದ್ದೇನೆ.

ಜುಲೈ 12, ಶನಿವಾರ

ಊರಿನ ಹಸಿರು ಬಯಲಿಗೆ ಎಣಿಕೆಗಾರರ ಯುದ್ಧಯಂತ್ರದ ಕಾಲು ಬಂದಿದೆ. ಪೂರ್ತಿ ಯಂತ್ರ ಕಂಪ್ಯೂಟರ್‌ನಲ್ಲಿ ಬರುತ್ತದಂತೆ, ಸದ್ಯಕ್ಕೆ ಒಂದೇ ಕಾಲು, ಚರ್ಚಿನ ಗೋಪುರದಷ್ಟು ಎತ್ತರ. ನೋಡಿದರೆ ಕಬ್ಬಿಣ, ತಟ್ಟಿದರೆ ಪ್ಲಾಸ್ಟಿಕ್. ಅದನ್ನು ತಂದ ಲಾರಿಯವನು ಹಿಂದಕ್ಕೆ ಬರುವಾಗ ಕನ್ನಡಿ ನೋಡಲಿಲ್ಲ. ಹೇಳಿದೆ. ಅವನು ನನ್ನ ಮುಖ ನೋಡಿ, "ನೀವೇ ಅಲ್ವಾ ಸಾರ್ ನನ್ನ ಎರಡು ಸಲ ನಪಾಸು ಮಾಡಿದ್ದು?" ಎಂದ. ರೊವೀನಾ ಪೆನ್‌ಹೇಲ್ ಕಾಲಿನ ಹೆಬ್ಬೆರಳಿಗೆ ಒರಗಿ ನಿಂತು ಬಿದ್ದು ಬಿದ್ದು ನಕ್ಕರು.

ಆ ಹೆಬ್ಬೆರಳ ಮೇಲೆಯೇ ಕೂತು ಇಬ್ಬರೂ ಫ್ಲಾಸ್ಕಿನ ಚಹಾ ಕುಡಿದೆವು. ಅಂಚೆ ಕಚೇರಿ ಮೇಲಿನ ಬಾಡಿಗೆ ಕೋಣೆಯ ಕರಾರು ಸೆಪ್ಟೆಂಬರ್‌ಗೆ ಮುಗಿಯುತ್ತದೆ ಎಂದರು.

"ಅಕ್ಕ ಕರೀತಾನೇ ಇದಾಳೆ, ನದಿಯಾಚೆಗೆ ಬಾ ಅಂತ. ಅವಳ ಮನೇಲಿ ಒಂದು ಕೋಣೆ, ಒಂದು ಬೆಕ್ಕು, ದಿನಾ ಟೀವಿ. ನನಗೆ ಅದು ಬೇಡ ಟ್ಯಾಪ್‌ಸ್ಕಾಟ್ ಅವ್ರೇ. ಆದ್ರೆ ಸುಮ್ನೆ ಇಲ್ಲಿದ್ದು ಏನ್ ಮಾಡ್ಲಿ? ಗಂಟೆ ತಂಡದಲ್ಲಿ ಜಾಗ ಸಿಕ್ಕಿದ್ರೆ ಇರ್ತೀನಿ. ಸಿನಿಮಾಗೆ ಒಂದು ದಿನ ಅಲ್ಲ, ಖಾಯಮ್ಮಾಗಿ. ಇಲ್ಲಾಂದ್ರೆ ಹೊರಟೆ. ಶೂಟಿಂಗ್ ದಿನ ನೀವೇ ಹೇಳಿ, ಪಾಸೋ ನಪಾಸೋ ಅಂತ. ದಯೆ ತೋರಿಸ್ಬೇಡಿ."

ನಾನು ಯಾರಿಗೂ ದಯೆ ತೋರಿಸಿದವನಲ್ಲ ಎಂದೆ. ಅದು ಅವರ ಸ್ವಂತ ವಿಷಯ, ಇರುವುದು ಬಿಡುವುದು ಅವರಿಗೆ ಬಿಟ್ಟದ್ದು. ಸೆಪ್ಟೆಂಬರ್ ಮಾತ್ರ ಯಾಕೋ ಬಹಳ ಹತ್ತಿರ ಇದೆ.

ಜುಲೈ 22, ಮಂಗಳವಾರ

ಆರು ಗಂಟೆ ಒಟ್ಟಿಗೆ ಬಾರಿಸಿದೆವು. ರೊವೀನಾ ಮೂರನೆಯದಕ್ಕೆ. ಸಾಲು ಸೊಟ್ಟಂಬಟ್ಟ, ಆದರೂ ಮುಗಿಸಿದೆವು. ಕ್ಲೆಮ್ ಕಣ್ಣೊರೆಸಿಕೊಂಡ. ಬೆವರು ಎಂದ. ಅಂಗಡಿಯ ಮುದುಕಿ ಮಿಸೆಸ್ ಚಬ್ ಬಾಗಿಲಿಗೆ ಬಂದು, "ಆರೂ ಕೇಳಿಸ್ತಲ್ಲ ವಿಲ್ಫ್ರೆಡ್, ನನ್ನ ಕಿವಿ ಕೆಟ್ಟಿಲ್ಲ ತಾನೇ?" ಎಂದು ಕೇಳಿಕೊಂಡು ಹೋದಳು.

ನಾಲ್ಕನೆಯ ಗಂಟೆ ನನ್ನದು. ನಾಲ್ಕನೆಯವನು ಮೂರನೆಯ ಹಗ್ಗದ ಮೇಲೆ ಕಣ್ಣಿಟ್ಟು, ಅದರ ಹಿಂದೆಯೇ ತನ್ನದನ್ನು ಎಳೆಯಬೇಕು. ನಾಲ್ಕು ವರ್ಷದಿಂದ ನಾನು ಬರಿಯ ಗೋಡೆ ನೋಡಿಕೊಂಡು ಎಳೆಯುತ್ತಿದ್ದೆ. ರೊವೀನಾಗೂ ಅದನ್ನೇ ಮತ್ತೆ ಮತ್ತೆ ಹೇಳಿದ್ದೇನೆ. ಮುಖ ನೋಡಬೇಡಿ, ಹಗ್ಗ ನೋಡಿ.

ಆಗಸ್ಟ್ 5, ಮಂಗಳವಾರ

ಈಗ ಗುರುವಾರ, ಶನಿವಾರ, ಸೋಮವಾರವೂ ಪಾಠ ಇದೆ. ಅಷ್ಟು ಬೇಕೇ ಎಂದು ಅರ್ಸುಲಾ ಕೇಳಿದಳು. ಬೇಕು. ರೊವೀನಾಳ ಕೈ ಹೂವಿನಷ್ಟು ಹಗುರಾಗಿ ಬರುತ್ತಿದೆ. ಹೊಸ ಅಂಗಿ ಕೊಂಡೆ, ಹಳೆಯದರ ಕಾಲರು ಹೋಗಿತ್ತು.

ಆಗಸ್ಟ್ 19, ಮಂಗಳವಾರ

ಯಾವಾಗ ಏನಾಯಿತೋ ಸರಿಯಾಗಿ ಬರೆಯಲು ಪ್ರಯತ್ನಿಸುತ್ತೇನೆ.

ಬೆಳಿಗ್ಗೆ ನಮಗೆಲ್ಲ ನೂರು ವರ್ಷದ ಹಿಂದಿನ ಬಟ್ಟೆ ತೊಡಿಸಿ, ಮುಖಕ್ಕೆ ಮಸಿ ಬಳಿದರು. ಕ್ಲೆಮ್‌ನ ಮುಖಕ್ಕೆ ಬಳಿದವಳಿಗೆ ಅವನು, "ಸ್ವಲ್ಪ ಚೆಂದ ಕಾಣೋ ಹಾಗೆ ಸುಡು ಬಂಗಾರ" ಎನ್ನುತ್ತಿದ್ದ. ಕಿಟಕಿಯ ಹೊರಗೆ ಹೊಗೆಯಂತ್ರ, ಬೆಂಕಿಯ ಬೆಳಕು, ಊರವರೆಲ್ಲ ಮೂಟೆ ಹೊತ್ತು ಓಡಲು ಸಿದ್ಧ. ಬಯಲಿನಲ್ಲಿ ಆ ಪ್ಲಾಸ್ಟಿಕ್ ಕಾಲು ನಿಂತೇ ಇತ್ತು.

ತನ್ನ ಚಿಕ್ಕ ಗಂಟೆಯನ್ನು ಮೊದಲು ಎಳೆಯುವ ಅರ್ಸುಲಾ ಯಾವತ್ತಿನಂತೆ ಕೂಗಿ ಸೂಚನೆ ಕೊಟ್ಟಳು. "ಸಿದ್ಧ ಇರಿ. ಚಿಕ್ಕವಳು ಹೊರಟಳು. ಹೋದಳು!"

ನಾವು ಐವರೂ ನೆಮ್ಮದಿಯಾಗಿದ್ದೆವು, ಕೆಡಿಸುವುದಕ್ಕೆ ರೊವೀನಾ ಇದ್ದಾಳಲ್ಲ ಎಂದು. ಮೊದಲ ಎಳೆತ ಬಿತ್ತು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಗಡಿಯಾರದಂತೆ. ಮತ್ತೆ ಹಾಗೆಯೇ. ಊರು ಹೊತ್ತಿ ಉರಿಯುತ್ತಿದೆ, ಜನ ಕಿರುಚುತ್ತ ಓಡುತ್ತಿದ್ದಾರೆ, ನಮ್ಮ ಗಂಟೆಗಳು ಮಾತ್ರ ರಾಣಿಯ ಹುಟ್ಟುಹಬ್ಬದಂತೆ ಮೊಳಗುತ್ತಿವೆ.

"ಕಟ್! ಏನಾಯ್ತು?" ಎಂದು ಫೀಬಿ ಮೆಟ್ಟಿಲು ಹತ್ತಿ ಓಡಿಬಂದಳು.

ಎರಡನೆಯ ಸಲವೂ ಅದೇ ಆಯಿತು. ರೊವೀನಾ ತಡ ಮಾಡಲು ಹೋದಳು, ಕೈ ಕೇಳಲಿಲ್ಲ. ಬೇಗ ಎಳೆಯಲು ಹೋದಳು, ಆಗಲಿಲ್ಲ. ನನ್ನ ಕಡೆ ತಿರುಗಿದಾಗ ಅವಳ ಕಣ್ಣಲ್ಲಿ ನೀರೇ ಬಂದಿತ್ತು.

"ವಿಲ್ಫ್, ನನಗೆ ಕೆಟ್ಟದಾಗಿ ಬಾರಿಸೋಕೆ ಬರ್ತಾನೇ ಇಲ್ಲ. ಏನ್ ಮಾಡಿಟ್ರಿ ನೀವು ನನಗೆ?"

ಫೀಬಿ ಮೆಟ್ಟಿಲ ಮೇಲೆ ಕೂತು ಹಳದಿ ಟೊಪ್ಪಿಗೆಯನ್ನು ಮುಖಕ್ಕೆ ಮುಚ್ಚಿಕೊಂಡಳು. "ಇನ್ನೊಂದೇ ಸಲ. ಊಟದೊಳಗೆ ಆಗ್ಲಿಲ್ಲ ಅಂದ್ರೆ ಇವತ್ತಿನ ಎರಡು ದೃಶ್ಯಾನೂ ಇಲ್ಲಿ ಬೇಡ, ನೆದರ್‌ಲೀಗೆ ಹೋಗ್ತೀವಿ" ಎಂದಳು.

"ನನ್ನಿಂದ ಎಲ್ಲಾ ಹಾಳಾಯ್ತು" ಎಂದಳು ರೊವೀನಾ. "ನಿಮ್ಮ ಗೋಪುರಾನೂ, ನನ್ನ ಜಾಗಾನೂ."

ನಾನು ಹೇಳಿದೆ. "ರೊವೀನಾ, ಚೆನ್ನಾಗಿ ಬಾರಿಸಿದ್ದಕ್ಕೆ ನಾನು ಯಾರನ್ನೂ ನಪಾಸು ಮಾಡಲ್ಲ. ಲೋಕ ಮುಳುಗಿದ್ರೆ ಮುಳುಗಲಿ. ನಿಮ್ಮ ಗಂಟೆ ನೀವು ಸರಿಯಾಗಿ ಬಾರಿಸಿ."

ಮೂರನೆಯ ಸಲ ಶುರುವಾಯಿತು. ನಾನು ರೂಢಿಯಂತೆ ಮೂರನೆಯ ಹಗ್ಗದ ಮೇಲೆ ಕಣ್ಣಿಟ್ಟಿದ್ದೆ. ಹಗ್ಗ ಮೇಲೆ ಹೋಯಿತು, ಕೆಳಗೆ ಬಂತು. ಹಗ್ಗ ಹಿಡಿದ ಕೈ ಕಂಡಿತು. ಕೈಯ ಮೇಲೆ ಮಸಿ ಮೆತ್ತಿದ ಮೂಗು, ಟೊಪ್ಪಿಗೆಯಿಂದ ಜಾರಿದ ಒಂದು ಎಳೆ ಬಿಳಿಗೂದಲು. ತನ್ನ ಗಂಟೆ ತನ್ನ ಜಾಗದಲ್ಲೇ ಬಿದ್ದದ್ದು ಕೇಳಿ ಅವಳಿಗೆ ನಗು ಬಂತು. ಎರಡು ತಿಂಗಳ ಹಿಂದೆ ತೇಲುತ್ತ ಬಂದು ದೊಪ್ಪನೆ ಬಿದ್ದಾಗಿನ ಅದೇ ನಗು.

ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ನನ್ನ ಗಂಟೆ ಬೀಳಲೇ ಇಲ್ಲ. ಬಿದ್ದಾಗ ಕ್ಲೆಮ್‌ನ ಗಂಟೆಯ ಮೇಲೆಯೇ ಬಿತ್ತು. ಸಣ್ಣ ಲಸ್ಕಮ್ ನನಗಾಗಿ ಕಾದ, ದೊಡ್ಡ ಲಸ್ಕಮ್ ಕಾಯಲಿಲ್ಲ. ಕ್ಲೆಮ್, "ಏ ವಿಲ್ಫ್!" ಎಂದು ಕೂಗಿದ, ಕೂಗುತ್ತ ತನ್ನ ಸರದಿ ಮರೆತ. ಅರ್ಸುಲಾ ನಮ್ಮೆಲ್ಲರನ್ನೂ ನೋಡಿ ಕಂಗಾಲಾಗಿ ಒಂದಕ್ಕೆ ಎರಡು ಸಲ ಎಳೆದಳು. ನಾನು ಸರಿಪಡಿಸಿಕೊಳ್ಳಲು ಹೋದಷ್ಟೂ ಇನ್ನಷ್ಟು ಕೆಟ್ಟಿತು. ಗೋಪುರವೇ ಕಳಚಿ ಬೀಳುವ ಹಾಗೆ ಸದ್ದು. ಹೊರಗೆ ಮೂಟೆ ಹೊತ್ತ ಜನ ಓಡುವುದು ಬಿಟ್ಟು ತಲೆಯೆತ್ತಿ ನೋಡುತ್ತ ನಿಂತರಂತೆ. ಆ ಗದ್ದಲದ ನಡುವೆ ಸರಿಯಾಗಿ ಬಾರಿಸುತ್ತಿದ್ದವಳು ರೊವೀನಾ ಒಬ್ಬಳೇ.

"ಕಟ್!" ಫೀಬಿ ಅಳುತ್ತಿದ್ದಳೋ ನಗುತ್ತಿದ್ದಳೋ. "ಹೇಗ್ ಮಾಡಿದ್ರಿ ಅದನ್ನ? ಮನುಷ್ಯರು ನಿಜವಾಗ್ಲೂ ದಿಕ್ಕೆಟ್ಟ ಹಾಗೇ ಇತ್ತು!"

ಕ್ಲೆಮ್ ನನ್ನನ್ನೇ ನೋಡುತ್ತ, "ಬಂಗಾರ, ಇಷ್ಟು ವರ್ಷದಲ್ಲಿ ಇವನು ಒಂದು ಏಟು ತಪ್ಪಿದ್ದು ನಾನು ನೋಡಿಲ್ಲ" ಎಂದ.

ಮಧ್ಯಾಹ್ನದ ಗೆಲುವಿನ ಗಂಟೆ ಒಂದೇ ಸಲಕ್ಕೆ ಆಯಿತು. ಆರೂ ಸಾಲಾಗಿ, ಒಂದು ಕೂದಲೂ ಅತ್ತಿತ್ತ ಆಗದೆ. ಎನಿಡ್ ಕೇಳಿದ್ದರೆ ತಲೆದೂಗುತ್ತಿದ್ದಳು. ಮೆಟ್ಟಿಲಿಳಿಯುವಾಗ ರೊವೀನಾ ಕೇಳಿದ್ದು ಕೇಳಿದ ಹಾಗೆ ಬರೆಯುತ್ತೇನೆ.

"ಹೇಳಿ ಪರೀಕ್ಷಕರೇ. ನಾನು ಪಾಸೋ ನಪಾಸೋ?"

"ಪಾಸ್."

"ನೀವು?"

"ನಪಾಸು" ಎಂದೆ.

"ಹಗ್ಗ ನೋಡ್ಬೇಕು ಅಂತ ನೀವೇ ಹೇಳಿದ್ದು" ಎಂದು ಹೇಳಿ ಮುಂದೆ ಇಳಿದು ಹೋದಳು.

ಆಗಸ್ಟ್ 20, ಬುಧವಾರ

ಯೋಚಿಸಿ ನೋಡಿದೆ. ಹೊಗೆಯಂತ್ರದ ಹೊಗೆ ಕಣ್ಣಿಗೆ ಹೋಗಿತ್ತು. ಆ ಹಳೇ ಕಾಲದ ಬೂಟುಗಳು ಒಂದು ಅಳತೆ ದೊಡ್ಡವಾಗಿದ್ದವು. ಎರಡೂ ಸೇರಿ ಹಾಗಾಯಿತು. ಕ್ಲೆಮ್‌ಗೂ ಹಾಗೆಯೇ ಹೇಳಿದೆ.

ಆಗಸ್ಟ್ 31, ಭಾನುವಾರ

ಪ್ರಾರ್ಥನೆಗೆ ಆರೂ ಗಂಟೆ ಬಾರಿಸಿದೆವು. ರೊವೀನಾ ಮನೆಯ ಮಾಲೀಕನಿಗೆ ಹೇಳಿಬಿಟ್ಟಿದ್ದಾಳೆ, ಇನ್ನೂ ಒಂದು ವರ್ಷ ಇರುತ್ತೇನೆ ಎಂದು. ಅವಳ ಅಕ್ಕ ಬೆಕ್ಕಿನ ಜೊತೆ ಬಂದು ಜಗಳ ಮಾಡಿ ಹೋದಳಂತೆ. ಈ ವಾರವೆಲ್ಲ ಹವೆ ಬಹಳ ಚೆನ್ನಾಗಿದೆ. ಅವರೆಕಾಯಿ ಕೈ ತುಂಬ ಬಂದಿದೆ, ಅವಳಿಗೂ ಒಂದು ಬುಟ್ಟಿ ಕೊಟ್ಟೆ.

ಅಂಗಳದ ಚಹಾ ಹೊತ್ತಿನಲ್ಲಿ ಕ್ಲೆಮ್ ನನ್ನ ಮುಂದೆ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ವಿಲ್ಫ್, ನಿನಗೆ ಜ್ವರಗಿರ ಇದೆಯೇನೋ?"

"ಯಾಕೆ?"

"ಕೈಯಲ್ಲೇನಿದೆ ನೋಡ್ಕೋ."

ನನ್ನ ಸ್ಕೋನಿನಲ್ಲಿ ಜಾಮ್ ಕೆಳಗಿತ್ತು, ಕೆನೆ ಮೇಲಿತ್ತು. ಗಮನಿಸಿರಲಿಲ್ಲ. ಮಾತಾಡುತ್ತ ಬಳಿದುಕೊಂಡಿರಬೇಕು. ರುಚಿ ಏನೂ ಬೇರೆ ಇರಲಿಲ್ಲ, ಅಷ್ಟಕ್ಕೆ ಇಷ್ಟೊಂದು ರಾದ್ಧಾಂತ ಯಾಕೋ ಜನರಿಗೆ.

ಮೇ 9, ಶನಿವಾರ

ಸಿನಿಮಾ ಬಂತು. ಪೇಟೆಯ ಚಿತ್ರಮಂದಿರದಲ್ಲಿ ಇವತ್ತು ಮಧ್ಯಾಹ್ನದ ಆಟ ನಮ್ಮ ಊರಿಗೇ ಮೀಸಲು. ಸಿನಿಮಾದವರು ಬಸ್ಸು ಕಳಿಸಿದ್ದರು. ರೊವೀನಾ ನನ್ನ ಪಕ್ಕ ಕೂತಳು, ಕ್ಲೆಮ್ ನಮ್ಮ ಹಿಂದೆ ಪಾಪ್‌ಕಾರ್ನ್ ಹಿಡಿದು.

ಯುದ್ಧ ನಿಜಕ್ಕೂ ಭಯಂಕರವಾಗಿತ್ತು. ಆ ಒಂಟಿ ಪ್ಲಾಸ್ಟಿಕ್ ಕಾಲು ನೂರು ಯಂತ್ರವಾಗಿ ಬೆಟ್ಟ ಇಳಿದು ಬರುವಾಗ ಮಿಸೆಸ್ ಚಬ್ ನನ್ನ ತೋಳು ಚಿವುಟಿದಳು. ಎಣಿಕೆಗಾರರು ಸೈನ್ಯಗಳನ್ನೆಲ್ಲ ಗೆದ್ದು, ಪಟ್ಟಣಗಳನ್ನೆಲ್ಲ ಗೆದ್ದು, ನಮ್ಮ ಬಯಲಿಗೆ ಬಂದರು. ಇನ್ನು ಮನುಷ್ಯರಿಗೆ ಉಳಿಗಾಲವಿಲ್ಲ. ಆಗ ಗೋಪುರ ಕಾಣಿಸಿತು. ಹಗ್ಗಗಳು. ಒಂದು, ಎರಡು, ಮೂರು. ಇದ್ದಕ್ಕಿದ್ದಂತೆ ತೆರೆಯ ತುಂಬ ಒಬ್ಬ ಮುದುಕನ ಮುಖ.

ಅವನು ನಾನೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಮುಖಕ್ಕೆ ಮಸಿ ಮೆತ್ತಿತ್ತು. ಕಣ್ಣಲ್ಲಿ ಹೊಗೆ ಇರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಅವನು ಹಗ್ಗ ನೋಡುತ್ತಿರಲಿಲ್ಲ. ಯಾರನ್ನು ನೋಡುತ್ತಿದ್ದಾನೆ, ಯಾಕೆ ನೋಡುತ್ತಿದ್ದಾನೆ ಎಂದು ಚಿತ್ರಮಂದಿರದಲ್ಲಿ ಕೂತ ಚಿಕ್ಕ ಮಗುವಿಗೂ ತಿಳಿಯುವಂತಿತ್ತು. ನನಗೊಬ್ಬನಿಗೆ ಅದು ಗೊತ್ತಿರಲಿಲ್ಲ. ಒಂಬತ್ತು ತಿಂಗಳಿಂದ ಬೂಟಿನ ಅಳತೆ ಎಂದುಕೊಂಡು ತಿರುಗಾಡಿದೆ.

ಆಮೇಲೆ ಗಂಟೆಗಳು ಒಂದರ ಮೇಲೊಂದು ಬಿದ್ದವು. ಎಣಿಕೆಗಾರರ ಯಂತ್ರಗಳು ಹೆಜ್ಜೆ ತಪ್ಪಿ, ತಡವರಿಸಿ, ಸಾಲು ಸಾಲಾಗಿ ಹೊಳೆಗೆ ಉರುಳಿದವು. ಊರೆಲ್ಲ ಎದ್ದು ನಿಂತು ಕೂಗಾಡಿತು. ಹಿಂದಿನಿಂದ ಕ್ಲೆಮ್, "ಬೂಟು ಕಣಣ್ಣಾ, ಬೂಟು!" ಎಂದು ಚೀರಿದ.

ಕತ್ತಲಲ್ಲಿ ರೊವೀನಾ ನನ್ನ ಕೈ ಹಿಡಿದುಕೊಂಡಳು. ಹಗ್ಗ ಹಿಡಿದು ಹಿಡಿದು ಗಟ್ಟಿಯಾದ ಕೈ.

"ಇದು ಇಷ್ಟು ದಿನ ನಿನಗೆ ಗೊತ್ತಿತ್ತಾ?" ಎಂದೆ.

"ಆವತ್ತು ನಾನು ಸರಿಯಾಗಿ ಬಾರಿಸ್ತಿದ್ದೆ. ನನಗೆ ಸುತ್ತ ನೋಡೋಕೆ ಪುರುಸೊತ್ತಿತ್ತು" ಎಂದಳು.

ಆಟ ಬಿಟ್ಟ ಮೇಲೆ ಹೊರಗೆ ಬಸ್ಸು ಕಾದಿತ್ತು, ನಮ್ಮವರೆಲ್ಲ ಸಾಲು ನಿಂತಿದ್ದರು. ನಾವಿಬ್ಬರೂ ಸಾಲಿನ ಕೊನೆಗೆ ನಿಂತೆವು. ನಾನು ಅವಳನ್ನು ಒಂದು ಮಾತು ಕೇಳುವುದಿತ್ತು, ಕೇಳಿದೆ. ಅವಳು ಉತ್ತರ ಹೇಳುವುದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡಳು, ಆದರೆ ಉತ್ತರ ನಾನು ಬಯಸಿದ್ದೇ ಆಗಿತ್ತು. ತಲೆಯೆತ್ತಿ ನೋಡುವಷ್ಟರಲ್ಲಿ ಸಾಲು ಕರಗಿತ್ತು, ಬಸ್ಸು ಆಗಲೇ ತಿರುವಿನಲ್ಲಿತ್ತು. ಹಿಂದಿನ ಗಾಜಿನಲ್ಲಿ ಕ್ಲೆಮ್ ಕೈ ಬೀಸುತ್ತಿದ್ದ.

"ನಮ್ಮ ಸರದಿ ತಪ್ಪಿಹೋಯ್ತಲ್ಲೋ ವಿಲ್ಫ್" ಎಂದಳು ರೊವೀನಾ.

ಮೂರು ಮೈಲಿ. ನಡೆದುಕೊಂಡೇ ಬಂದೆವು.